ಮೂರನೆಯ ಸಲ ಕೇಳದ ಕ್ಷಮೆ

ನ್ಯೂಯಾರ್ಕ್
೧೦ ಅಕ್ಟೋಬರ್ ೧೯೬೨

ಪ್ರೀತಿಯ ಶೈಂಡಲ್,

ಕ್ಷೇಮವಾಗಿದ್ದೀಯಾ? ನಮ್ಮ ಯೆಹೂದಿ ಹೊಸ ವರ್ಷಕ್ಕೆ ಒಂದು ಸಾಲೂ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಬೇಸಿಗೆಯೆಲ್ಲ ಬೆಟ್ಟದ ಹೋಟೆಲುಗಳಲ್ಲಿ ಜೋಕು ಹೇಳಿ ಹೇಳಿ ಗಂಟಲು ಕಟ್ಟಿದೆ. ಈ ಸುದ್ದಿ ಕೇಳಿದರೆ ನಿನ್ನ ಸಿಟ್ಟು ಇಳಿಯುತ್ತದೆ. ಬರ್ನಿ ಗ್ರಾಬರ್ ಕ್ಷಮೆ ಕೇಳಲು ಬಂದಿದ್ದ!

ಹೌದು ಕಣೇ, ಅವನೇ. ನನ್ನ ಜೊತೆ ವೇದಿಕೆ ಹತ್ತುತ್ತಿದ್ದವನು. ಅಮ್ಮನ ಮೇಲೆ ನಾನು ಕಟ್ಟಿದ್ದ ಜೋಕುಗಳನ್ನೆಲ್ಲ ಟೀವಿಯಲ್ಲಿ ತನ್ನಮ್ಮನ ಮೇಲಿನವೆಂದು ಹೇಳಿ ದೊಡ್ಡ ಮನುಷ್ಯನಾದವನು. ಆಮೇಲೆ ನಾನು ಅವನ್ನೇ ಹೇಳಿದರೆ ಕ್ಲಬ್ಬಿನ ಮಾಲೀಕ, "ಬರ್ನಿದನ್ನ ಯಾಕಮ್ಮ ಕದೀತೀಯ? ಹೆಂಗಸು ನೀನು, ಒಂದು ಹಾಡು ಹೇಳಿ ಇಳಿ" ಎಂದಿದ್ದ.

ಹೊಸ ವರ್ಷ ಮುಗಿದ ಮೇಲಿನ ವಾರ ಜೇನಿನ ಕೇಕು ಹಿಡಿದು ನನ್ನ ಅಡುಗೆಮನೆಯಲ್ಲಿ ನಿಂತ. "ಕ್ಷಮಿಸಿಬಿಡು ರೇಜಲ್. ನೀನು ಕ್ಷಮಿಸದೆ ಪ್ರಾಯಶ್ಚಿತ್ತದ ಉಪವಾಸದ ದಿನ ದೇವರೂ ಕ್ಷಮಿಸಲ್ಲ."

"ಕದ್ದಿದ್ದು ಊರೆದುರಿಗೆ, ಕ್ಷಮೆ ಮಾತ್ರ ಅಡುಗೆಮನೇಲಾ? ನಡಿ ಆಚೆ." ಕೇಕು ಇಟ್ಟುಕೊಂಡೆ. ಚೆನ್ನಾಗಿತ್ತು.

ಎರಡನೇ ಸಲ ಕ್ಷಮೆ ಕೇಳಲು ಕ್ಲಬ್ಬಿಗೇ ಬಂದ. ವೇದಿಕೆಗೆ ಕರೆದೆ. "ಹೇಳಪ್ಪಾ, ಅಮ್ಮನ ಸೂಪಿನ ಆ ಜೋಕು ಯಾರದು?"

ಬೆವರೊರೆಸಿಕೊಂಡು "ಇವಳದೇ" ಎಂದ.

ಮುಂದಿನ ಸಾಲಿನ ಮುದುಕಿ, "ಅದಕ್ಕೇ ಮತ್ತೆ! ಸೂಪಿನ ಸಂಕಟ ಗಂಡಸಿಗೇನು ಗೊತ್ತು?" ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ನಾನು ಆಗಲೂ ಕ್ಷಮಿಸಲಿಲ್ಲ.

"ಉಪವಾಸ ಶುರುವಾಗೋದ್ರೊಳಗೆ ಇನ್ನೊಂದು ಸಲ ಕೇಳ್ತೀನಿ. ಮೂರನೇ ಸಲಾನೂ ಒಪ್ಪದಿದ್ರೆ ಪಾಪ ನಿನ್ನ ತಲೆಗೇ ಬರುತ್ತೆ, ನಾನು ಪಾರು" ಎಂದು ಗೊಣಗುತ್ತ ಹೋದ.

ಕೇಳಲು ಬಿಟ್ಟರೆ ತಾನೇ? ಉಪವಾಸ ಹಿಡಿಯುವ ಸಂಜೆ ಸೂರ್ಯ ಮುಳುಗುವ ಮುಂಚೆಯೇ ಹೋಗಿ, ಪ್ರಾರ್ಥನಾ ಮಂದಿರದ ಮಾಳಿಗೆಯಲ್ಲಿ ಹೆಂಗಸರ ನಡುವೆ ಕೂತೆ. ಗಂಡಸರು ಅಲ್ಲಿಗೆ ಹತ್ತುವ ಹಾಗಿಲ್ಲವಲ್ಲ! ಬರ್ನಿ ಕೆಳಗೆ ಕತ್ತೆತ್ತಿಕೊಂಡು ನಿಂತ, ಬಾ ಬಾ ಎಂದು ಸನ್ನೆ ಮಾಡಿದ. ನಾನು ನಗುತ್ತ ಕೈ ಬೀಸಿದೆ. ಸೂರ್ಯ ಮುಳುಗಿದ, ಪ್ರಾರ್ಥನೆ ಶುರುವಾಯಿತು. ಇನ್ನೊಂದು ವರ್ಷ ಆ ಪಾಪವನ್ನು ಅವನೇ ಹೊತ್ತು ತಿರುಗಲಿ. ಇಷ್ಟು ಹಾಯಾದ ಉಪವಾಸ ನಾನು ಮಾಡಿದ್ದೇ ಇಲ್ಲ.

ನಿನ್ನ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲಿ, ನಿನ್ನ ಮನೆಯಲ್ಲಿ ನಗು ತುಂಬಿರಲಿ.

ನಿನ್ನ ಅಕ್ಕ
ರೇಜಲ್

ತಾ.ಕ.: ಇಷ್ಟು ಹಗೆ ಯಾಕಕ್ಕಾ ಎನ್ನುತ್ತೀ. ಅಮ್ಮ ಹಾಸಿಗೆ ಹಿಡಿದಾಗ ನೀನು ಇಲ್ಲಿರಲಿಲ್ಲ. ನನ್ನ ಆಟ ನೋಡಲು ಒಮ್ಮೆಯೂ ಬರದ ಅಮ್ಮ, ಟೀವಿಯಲ್ಲಿ ಬರ್ನಿಯನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಕೈ ಹಿಡಿದು, "ಅವನ ಅಮ್ಮ ಎಷ್ಟು ಪುಣ್ಯವಂತೆ ಕಣೇ! ನಿಂಗ್ಯಾಕೆ ಹೀಗೆ ನಗ್ಸೋಕೆ ಬರಲ್ಲ?" ಎಂದಳು. ಆ ಅಮ್ಮ ನೀನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮತ್ತೆ ನಗತೊಡಗಿದಳು. ಆ ನಗು ನಿಂತುಬಿಟ್ಟೀತೆಂದು ಸುಮ್ಮನಾದೆ.