ಕಿವಿಯೂ ನನ್ನ ಮೈಯೇ

ಅಕ್ರಾ
ಆಗಸ್ಟ್ ೧೪

ಪ್ರೀತಿಯ ಅಮ್ಮನಿಗೆ,

ಅಗ್ಬೆಕೊ ಅವರ ಕ್ಷಮೆ ಕೇಳಿ ಕೆಲಸಕ್ಕೆ ವಾಪಸ್ ಹೋಗು, ಆ ಮನೆಯವರನ್ನು ಎದುರು ಹಾಕಿಕೊಳ್ಳಬೇಡ ಎಂದು ಬರೆದಿದ್ದೀಯ. ಕೇಳುವುದಿಲ್ಲ. ಯಾಕೆಂದು ಓದು, ಆಮೇಲೆ ಬೇಕಾದರೆ ಬೈ.

ನಮ್ಮ ಕಂಪನಿ ಕಟ್ಟುವುದು ವರ್ಚುವಲ್ ರಿಯಾಲಿಟಿಯ ಸಂತೆ. ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡು ತಮ್ಮ ತಮ್ಮ ಮನೆಯಲ್ಲೇ ನಿಂತವರು ಅಲ್ಲಿ ಒಬ್ಬರನ್ನೊಬ್ಬರು ಕಂಡು ಮಾತಾಡುತ್ತಾರೆ. ಆ ಸಂತೆಯ ಸದ್ದೆಲ್ಲ ನನ್ನ ಕೈಯದು: ಹೆಜ್ಜೆ, ಬಟ್ಟೆಯ ಸರಪರ, ಉಸಿರು. ಯಾರು ಎಷ್ಟು ಹತ್ತಿರವಿದ್ದಾರೆಂದು ಅಲ್ಲಿ ಮೊದಲು ತಿಳಿಯುವುದು ಕಿವಿಗೆ. ಬೆನ್ನ ಹಿಂದೆ ಹೆಜ್ಜೆ ಕೇಳಿಸಿದರೆ ಸಾಕು, ಜನ ತಾವಾಗಿ ಪಕ್ಕಕ್ಕೆ ಸರಿಯುತ್ತಾರೆ.

ಸಂತೆಯನ್ನು ಪರೀಕ್ಷಿಸಿ ನೋಡಿದ ದಿನ ನಾನೂ ಒಳಗಿದ್ದೆ. ಒಬ್ಬ ಹಿಂದಿನಿಂದ ಬಂದು ಕಿವಿಯಲ್ಲಿ ಉಸುರಿದ. ಏನೆಂದನೆಂದು ಬರೆಯಲಾರೆ. ನಾನು ಸರಿದತ್ತ ಆ ದನಿಯೂ ಸರಿಯಿತು. ಕನ್ನಡಕ ಕಿತ್ತೆಸೆದಾಗ ಕತ್ತೆಲ್ಲ ಬೆವರಿತ್ತು.

ಮರುದಿನವೇ ಸದ್ದು ಬದಲಿಸಿದೆ. ಒಪ್ಪಿಗೆಯಿಲ್ಲದೆ ತೋಳಳತೆಗಿಂತ ಹತ್ತಿರ ಬಂದವರ ದನಿ ಅಲ್ಲೇ ಇಂಗಿಹೋಗಬೇಕು, ಹಾಗೆ. ನಮ್ಮ ಯಜಮಾನರು ಅಗ್ಬೆಕೊ ಕೆರಳಿದರು. "ನಿನ್ನ ಯಾರಾದ್ರೂ ಮುಟ್ಟಿದ್ರೇನಮ್ಮ? ಬರೀ ಸದ್ದು ತಾನೆ! ಪಿಸುಮಾತಿಲ್ದ ಸಂತೆಗೆ ಯಾರು ಬರ್ತಾರೆ? ಮೊದಲಿನ ಹಾಗೇ ಮಾಡು."

"ಮಾಡ್ತೀನಿ ಸಾರ್. ಒಂದ್ಸಲ ನೀವೇ ಹಾಕ್ಕೊಂಡು ನೋಡಿ," ಎಂದೆ.

ಎಲ್ಲರೆದುರೇ ಕಟ್ಟಿಕೊಂಡರು. ಕಣ್ಣಿಗೆ ಬರೀ ಖಾಲಿ ಮೈದಾನ. ಗಂಡಸಿನ ಭಾರದ ಹೆಜ್ಜೆಯೊಂದನ್ನು ಅವರ ಹಿಂದೆ ತಂದು ನಿಲ್ಲಿಸಿ, ಕುತ್ತಿಗೆಗೆ ಉಸಿರು ಬಿಟ್ಟೆ. ಸರಿದರು. ಉಸಿರೂ ಸರಿಯಿತು. "ಯಾವನೋ ಅವನು? ದೂರ ನಿಲ್ಲೋ!" ಎಂದು ಕೂಗುತ್ತ ಮೇಜಿಗೆ ಡಿಕ್ಕಿ ಹೊಡೆದು, ಊಟಕ್ಕೆ ತಂದಿಟ್ಟಿದ್ದ ಮೆಕ್ಕೆಜೋಳದ ಕೆಂಕಿ ಉಂಡೆ, ಮೆಣಸಿನ ಚಟ್ನಿಯನ್ನೆಲ್ಲ ಅಂಗಿಗೆ ಸುರಿದುಕೊಂಡರು.

"ಬರೀ ಸದ್ದು ಸಾರ್," ಎಂದೆ. "ಕಿವೀನೂ ಮೈಯೇ ಅಲ್ವಾ?"

ಆಫೀಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ನನ್ನ ಕೆಲಸ ಹೋಯಿತು.

ನಿನ್ನೆ ನನ್ನ ಜೊತೆಗಾತಿ ಅಫಿ ಬಂದಿದ್ದಳು. ಹಳೆಯ ಸದ್ದನ್ನು ಮತ್ತೆ ಕೂರಿಸಲು ಅವಳಿಗೆ ಹೇಳಿದರಂತೆ. "ನೀವೇ ಕೂರಿಸ್ಕೊಳ್ಳಿ ಅಂದು ಚೀಲ ಎತ್ಕೊಂಡು ಬಂದ್ಬಿಟ್ಟೆ ಕಣೇ," ಎಂದಳು. ಇಬ್ಬರೂ ಸೇರಿ ಬೇರೆ ಸಂತೆ ಕಟ್ಟುತ್ತೇವೆ. ಮುಳುಗಿದರೆ ಮುಳುಗಲಿ.

ನಮ್ಮೂರು ಕೇಟಾದ ಮಾರುಕಟ್ಟೆಯಲ್ಲಿ ಮೈಮೇಲೆ ಬಿದ್ದವರಿಗೆ ಮೀನು ಕರಿಯುವ ಸೌಟು ತೋರಿಸಿದವಳು ನೀನು. ನನಗೆ ತಗ್ಗು ಅನ್ನಬೇಡ.

ನಿನ್ನ ಮಗಳು,
ಎಸಿನಾಮ್

ತಾ.ಕ.: ನನ್ನ ಕಿವಿಯಲ್ಲಿ ಉಸುರಿದ ಆ ದನಿ ಯಾರದೆಂದು ಮೇಲೆ ಬರೆಯಲು ಕೈ ಬರಲಿಲ್ಲ. ಅಗ್ಬೆಕೊ ಅವರ ತಮ್ಮ ಸೆನ್ಯೊನದು. ಬರುವ ಭಾನುವಾರ ಅವನಿಗೆ ಹೆಣ್ಣು ಕೇಳಲು ಆ ಮನೆಯವರು ಮದ್ಯದ ಬಾಟಲಿ ಹಿಡಿದು ನಿನ್ನ ಬಾಗಿಲು ತಟ್ಟುತ್ತಾರಲ್ಲ, ಬಾಟಲಿ ಮುಟ್ಟಬೇಡ, ಮುಟ್ಟಿದರೆ ನನ್ನನ್ನು ಕೊಡಲು ಒಪ್ಪಿದ ಹಾಗೆ. ಹೊಸ್ತಿಲಾಚೆಯೇ ನಿಲ್ಲಿಸಿ ಕಳಿಸು.