ನಲವತ್ತು ಸೆಕೆಂಡಿನ ದನಿ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಾಗದ ಅಂದಮೇಲೆ ಹೀಗೇ ಶುರು ಮಾಡಬೇಕು ಅಂತ ನೀನೇ ಕಲಿಸಿದ್ದು, ಅದಕ್ಕೆ ಬರೆದೆ. ಹೇಗಿದೀಯ? ಮಂಡಿನೋವು ಹೇಗಿದೆ? ಗಂಟಲು? ಈಗಲೂ ಅದೇ ಹಳೆ ವ್ಯಾನಿಗೆ ಮೈಕ್ ಕಟ್ಟಿಕೊಂಡು ಬೀದಿ ಬೀದಿ ಪ್ರಕಟಣೆ ಕೂಗಿಕೊಂಡು ಹೋಗ್ತೀಯಂತೆ, ಚಿಕ್ಕಪ್ಪ ಹೇಳಿದ್ರು. ವಿಳಾಸ ಕೊಟ್ಟಿದ್ದೂ ಅವರೇ. ಎಂಟು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದರಂತೆ ಮಹಾನುಭಾವರು. ಅವರಿಗೂ ಚೆನ್ನಾಗಿ ಮಂಗಳಾರತಿ ಮಾಡಿದೀನಿ. ಅಮ್ಮ ಆರಾಮಾಗಿದಾಳೆ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ಕಡೆಗೆಲ್ಲ ಈಗ ಅವಳೇ ಮೇಲ್ವಿಚಾರಕಿ. ಮನೇಲೂ ನನ್ನ ಹೊದಿಕೆ ಅಂಚಿಗೆ ಅಂಚು ಕೂಡಿಸಿ ಮಡಚಿಲ್ಲ ಅಂದ್ರೆ ಬಿಚ್ಚಿ ಮತ್ತೆ ಮಡಚಿಸ್ತಾಳೆ.

ನಾನು ರ‍್ಯಾಪ್ ಮಾಡ್ತೀನಿ. ಅಮ್ಮನ ಪ್ರಕಾರ ಅದು ಹಾಡಲ್ಲ, ತಾಳ ಹಾಕಿಕೊಂಡು ಆಡೋ ಜಗಳ. ಎರಡು ವರ್ಷ ಗೋಡೆಗೆ ಹಳೇ ಹಾಸಿಗೆ ಒರಗಿಸಿ ಒಂಬತ್ತು ಹಾಡು ರೆಕಾರ್ಡ್ ಮಾಡಿದೆ. ಆಲ್ಬಂ ಹೋದ ಜೂನ್‌ನಲ್ಲೇ ಬರಬೇಕಿತ್ತು. ಬರಲಿಲ್ಲ. ಹಾಡು ಹೊರತರೋ ಲೇಬಲ್ಲಿನ ಯಜಮಾನನಿಗೆ ನಾವೆಲ್ಲ ಇಟ್ಟಿರೋ ಹೆಸರು ನಾಳೆ ಸಾಹೇಬ. ಮುಖಪುಟದ ಫೋಟೋ ಸರಿಯಿಲ್ಲ, ನಾಳೆ. ಬೇರೆ ಯಾರದೋ ಆಲ್ಬಂ ಅದೇ ವಾರ ಬರ್ತಿದೆ, ನಾಳೆ. ಹೀಗೆ ನಾಳೆ ನಾಳೆ ಅಂದುಕೊಂಡೇ ಒಂದು ದಿನ ಲೇಬಲ್ಲನ್ನೇ ದೊಡ್ಡ ಕಂಪನಿಗೆ ಮಾರಿ ಕೈತೊಳಕೊಂಡ, ನಮ್ಮ ಹಾಡುಗಳ ಸಮೇತ. ಕುರಿ ಮಾರೋವಾಗ ಕುರಿಯನ್ನ ಕೇಳ್ತಾರಾ? ಹೊಸ ಕಂಪನಿಯ ಆಫೀಸಿಗೆ ಹೋದ್ರೆ ಕಾರ್ಡ್ ಇಲ್ಲದೆ ಗಾಜಿನ ಬಾಗಿಲೇ ತೆಗೆಯಲ್ಲ. ನಾಲ್ಕು ಗಂಟೆ ಸೋಫಾದಲ್ಲಿ ಕೂತು, ನೀರಿನ ಮಷಿನ್ ಗುಳುಗುಳು ಅನ್ನೋದು ಕೇಳಿಸಿಕೊಂಡು ಬಂದೆ. ನನ್ನ ಹಾಡಿನ ಒಂದು ಕಾಪಿ ಕೊಡಿ ಅಂದಿದ್ದಕ್ಕೆ ಅನುಮತಿ ಬೇಕು ಅಂದ್ರು. ನನ್ನ ದನಿ ಕೇಳೋಕೆ ನನಗೇ ಅನುಮತಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ನೆ ಹೇಳ್ತಾರಾ. ಮೈಯೆಲ್ಲ ಉರಿದುಹೋಯ್ತು.

ಆಮೇಲೆ ಬಂದವರು ಅವರ ಲಾಯರ್ ಮೇಡಂ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂಬತ್ತೂ ಹಾಡನ್ನ ನಿಲ್ಲಿಸಿ ನಿಲ್ಲಿಸಿ ಕೇಳಿದ್ರು. ಈ ದನಿ ಯಾರದು, ಆ ದನಿ ಯಾರದು, ಪ್ರತಿಯೊಂದಕ್ಕೂ ದನಿಯವರ ಸಹಿ ಬೇಕು. ಎರಡನೇ ಹಾಡಲ್ಲಿ ಯಾರೋ ಕೆಮ್ಮಿದ್ದಾರಲ್ಲ, ಯಾರದು ಆ ಕೆಮ್ಮು ಅಂದ್ರು. ಅಮ್ಮನದು. ಅಮ್ಮ ಆಸ್ಪತ್ರೆಯಿಂದ ರಜೆ ಹಾಕಿ ಬಂದು ತನ್ನ ಕೆಮ್ಮಿಗೆ ಸಹಿ ಹಾಕಿ ಹೋದಳು. ನಾಲ್ಕನೇ ಹಾಡಲ್ಲಿ ಮಾತ್ರ ಗಾಡಿ ನಿಂತುಹೋಯ್ತು. ಅದರ ಮೊದಲ ನಲವತ್ತು ಸೆಕೆಂಡ್ ನೀನು. ಕೂಗೋ ಮುಂಚೆ ಮನೇಲಿ ಅಭ್ಯಾಸ ಮಾಡ್ತಿದ್ದ ಕ್ಯಾಸೆಟ್ ಬೀರುವಿನಲ್ಲೇ ಬಿಟ್ಟುಹೋಗಿದ್ದೆಯಲ್ಲ, ಅದು. ‘ನಾಳೆ ನಲ್ಲೀಲಿ ನೀರಿಲ್ಲ, ಇವತ್ತೇ ತುಂಬಿ, ಬಕೆಟ್ ಇಲ್ಲದವರು ಪಕ್ಕದ ಮನೆಯವರ ನಂಬಿ.’ ಆ ಲಯದ ಮೇಲೇ ಇಡೀ ಹಾಡು ನಿಂತಿದೆ. ಸಹಿ ತನ್ನಿ, ಇಲ್ಲಾ ಅಷ್ಟನ್ನ ಕತ್ತರಿಸಿ ಅಂದ್ರು ಮೇಡಂ. ತಿಂಗಳ ಕೊನೆಯೊಳಗೆ ಎರಡರಲ್ಲಿ ಒಂದೂ ಆಗದಿದ್ದರೆ ಒಂಬತ್ತು ಹಾಡೂ ಮೂಲೆಗೆ. ಇನ್ನು ಐದು ವರ್ಷ ನಾನು ಅವನ್ನ ಬೇರೆ ಎಲ್ಲೂ ಹಾಡೋ ಹಾಗಿಲ್ಲ, ಕರಾರಿನಲ್ಲಿ ಹಾಗೇ ಇದೆ.

ಬೇರೆ ಯಾರ ಕೈಲಾದರೂ ಕೂಗಿಸು ಅಂದ್ರು ಸ್ನೇಹಿತರು. ಆಗಲ್ಲ ಅಂದೆ. ನಿನ್ನ ಮೇಲೆ ಪ್ರೀತಿ ಉಕ್ಕಿ ಹರೀತು ಅಂದುಕೋಬೇಡ. ಆ ಹಾಡಲ್ಲಿ ನಾನು ಬೈಯೋದೇ ನಿನ್ನನ್ನ. ಬೈಸಿಕೊಳ್ಳೋರು ಎದುರಿಗೆ ಇರಬೇಡವಾ? ಪಕ್ಕದ ಊರಲ್ಲಿ ಮೂರು ದಿನದ ಕೆಲಸ ಅಂದು ನೀನು ಹೋದೆ. ಊರಲ್ಲಿ ಯಾರ ಮಗು ಕಳೆದುಹೋದರೂ ಬೀದಿ ಬೀದೀಲಿ ಕೂಗಿ ಹುಡುಕಿಸ್ತಿದ್ದೋನು ನೀನು. ನೀನೇ ಕಳೆದುಹೋದಾಗ ಕೂಗೋಕೆ ನಮಗೊಂದು ಮೈಕೂ ಇರಲಿಲ್ಲ, ಅದನ್ನೂ ತಗೊಂಡು ಹೋಗಿದ್ದೆ. ಅಮ್ಮ ಒಂದು ತಿಂಗಳು ರಾತ್ರಿ ಬಾಗಿಲಿಗೆ ಚಿಲಕ ಹಾಕಲಿಲ್ಲ. ನನಗೆ ಹದಿನೈದು ವರ್ಷ ಆಗ. ಕೆಳಗೆ ಯಾವ ವ್ಯಾನ್ ನಿಂತರೂ ಎದ್ದು ಕೂರ್ತಿದ್ದೆ.

ಸಹಿ ಹಾಕೋ ಫಾರಂ ಜೊತೇಲಿದೆ. ನೀನು ಬರೋದೇನೂ ಬೇಡ. ಆರೋಗ್ಯ ನೋಡಿಕೋ, ಗಂಟಲಿಗೆ ಬಿಸಿನೀರು ಕುಡಿ, ಬಿಸಿಲಲ್ಲಿ ತಲೆಗೆ ಏನಾದರೂ ಹಾಕಿಕೋ. ನಿನ್ನ ಯೋಗಕ್ಷೇಮ ಕೇಳಿದೆ ಅಂತ ಬರಿ ಅಂತ ಅಮ್ಮ ಏನೂ ಹೇಳಲಿಲ್ಲ.

ನಿನ್ನ ಮಗಳು,
ವಟವಟ
(ನೀನಿಟ್ಟ ಹೆಸರೇ. ಪೋಸ್ಟರಿನಲ್ಲೂ ಅದೇ ಹಾಕಿದಾರೆ.)

ವಿ.ಸೂ.: ಲಕೋಟೆ ಅಂಟಿಸೋ ಮುಂಚೆ ನಿಜ ಹೇಳಿಬಿಡ್ತೀನಿ. ಆಲ್ಬಂ ನಿಂತಿರೋ ಒಂಬತ್ತು ತಿಂಗಳಲ್ಲಿ ಆರು ತಿಂಗಳು ಅವರ ತಪ್ಪು, ಮೂರು ನಂದು. ದನಿಯವರ ಸಹಿ ಅನ್ನೋ ಕಡೆ ಸಿಟ್ಟಲ್ಲಿ ‘ತೀರಿಕೊಂಡಿದ್ದಾರೆ’ ಅಂತ ಬರೆದುಕೊಟ್ಟಿದ್ದೆ. ಹಾಗಾದ್ರೆ ಡೆತ್ ಸರ್ಟಿಫಿಕೇಟ್ ಕೊಡಿ ಅಂತ ಮನೆಗೇ ಪತ್ರ ಕಳಿಸಿದ್ರು, ಅದು ಅಮ್ಮನ ಕೈಗೆ ಸಿಕ್ತು. ಎರಡು ದಿನ ಮನೇಲಿದ್ದ ಹೊದಿಕೆಗಳನ್ನೆಲ್ಲ ಬಿಚ್ಚಿ ಬಿಚ್ಚಿ ಮಡಚಿದಳು. ಮೂರನೇ ದಿನ ಚಿಕ್ಕಪ್ಪನ ಮನೆಗೆ ಹೋಗಿ ನಿನ್ನ ವಿಳಾಸ ಬಿಡಿಸಿಕೊಂಡು ಬಂದು, ‘ಅವರನ್ನ ಬೈಯಿ, ಸಾಯಿಸಬೇಡ’ ಅಂತ ಪೆನ್ನು ಕೈಗೆ ಕೊಟ್ಟಳು. ಆದ್ದರಿಂದ ಬರೀ ಸಹಿ ಸಾಲಲ್ಲ. ಫಾರಂ ಹಿಂದೆ ‘ನಾನು ಬದುಕಿದ್ದೇನೆ’ ಅಂತ ನಿನ್ನ ಕೈಯಾರೆ ಬರೆದು ಕಳಿಸಬೇಕಂತೆ. ಮೇಡಂಗೆ ಅಷ್ಟು ಸಾಕು. ಬದುಕಿದ್ದೋನು ಎಂಟು ವರ್ಷ ಯಾಕೆ ಬರಲಿಲ್ಲ ಅಂತ ಅವರು ಕೇಳಲ್ಲ. ನಾನು ಕೇಳ್ತಿದೀನಿ.