ಬಿಚ್ಚಿಟ್ಟ ಪಂಗ್ದೆನ್

ಲ್ಹಾಸಾ,
ಮರ-ನಾಯಿ ವರ್ಷ, ಮೊದಲ ತಿಂಗಳ ಏಳನೆಯ ದಿನ

ಮಗನೇ ಗ್ಯುರ್ಮೆ,

ಆರೋಗ್ಯವೇ? ಗೋಲ್ಮುಡ್ ರಸ್ತೆಯಲ್ಲಿ ಲಾರಿ ಓಡಿಸುವಾಗಿನ ಥಂಡಿಗೆ ನಿನ್ನ ಮೊಣಕಾಲು ಹೇಗಿದೆ? ನಾವು ಉಣ್ಣುತ್ತಿದ್ದೇವೆ, ಅಷ್ಟೇ. ಈ ಹೊಸವರ್ಷದ ಲೋಸರ್ ಹಬ್ಬಕ್ಕೆ ತಗುಲಿದ್ದು ಇಷ್ಟು: ಕುರಿಯ ಒಂದು ತೊಡೆ, ಎರಡು ಇಟ್ಟಿಗೆ ಚಹಾ, ಒಂದು ಚರ್ಮದ ಚೀಲ ಬೆಣ್ಣೆ, ಚಾಮ್ದೊ ಬಸ್ಸಿನ ಎರಡು ಟಿಕೆಟ್ಟು. ನನ್ನ ಮರ್ಯಾದೆಯನ್ನು ಇದರಲ್ಲಿ ಸೇರಿಸಿಲ್ಲ. ಅದಕ್ಕೀಗ ಗಿರಾಕಿ ಇಲ್ಲ.

ಬಾರ್ಖೋರ್ ಬೀದಿಯಲ್ಲಿ ಬಟ್ಟೆ ಮಾರಿ ಮನೆ ಕಟ್ಟಿದವನು ನಾನು. ಚುಬಾ ನಿಲುವಂಗಿ ಮೊಣಕಾಲಿಗೆ ಎತ್ತಿ ಕಟ್ಟಿದ್ದರೆ ಖಾಮ್‌ನವ, ಕುರಿಚರ್ಮದ ಒಂದು ತೋಳು ಬೆನ್ನಿಗೆ ಜೋತಿದ್ದರೆ ಆಮ್ದೊನವ, ತೋಳಿಲ್ಲದ ಉಣ್ಣೆಯಂಗಿಯಾದರೆ ಕೊಂಗ್ಪೊನವ. ಮೆಟ್ಟಿಲು ಹತ್ತುವ ಮೊದಲೇ ಊರು ತಿಳಿದು, ಬೆಲೆಯನ್ನೂ ಮನಸ್ಸಿನಲ್ಲೇ ಏರಿಸಿಬಿಡುತ್ತೇನೆ. ಆ ಜಂಬವೇ ನನ್ನನ್ನು ತಿಂದದ್ದು.

ನಿನ್ನ ಹೆಂಡತಿ ಯುದೋನ್ ಖಾಮ್‌ನ ದೆರ್ಗೆಯಿಂದ ಬಂದ ಹೊಸತರಲ್ಲಿ ಇಲ್ಲಿನ ಮದುವೆಯಾದವರ ಪಂಗ್ದೆನ್ ಕಟ್ಟಲು ಒಪ್ಪದೆ, "ಆ ಪಟ್ಟೆಬಟ್ಟೆ ಸೊಂಟಕ್ಕೆ ಸುತ್ತದಿದ್ರೂ ನಮ್ಮ ಕಡೆ ಹೆಂಗಸರಿಗೆ ಮದುವೆ ಆಗುತ್ತೆ, ಪಾಲಾ" ಎಂದು ಮಾವನಾದ ನನ್ನೆದುರೇ ನಕ್ಕಿದ್ದಳಲ್ಲ? ಆಮೇಲೆ ತಾನಾಗಿಯೇ ಕಟ್ಟಿದಳು, ಬಿಡಲಿಲ್ಲ. ಹಬ್ಬದ ಮೂರನೆಯ ದಿನ ಶಿಗಾತ್ಸೆಯ ಸಗಟು ವ್ಯಾಪಾರಿ ಚುಂಗ್ದಾಕ್ ನಮ್ಮ ಮನೆಗೆ ಬಂದು ನೆಂಟರ ನಡುವೆ ಕೂತಿದ್ದ. ಇವಳು ಪಂಗ್ದೆನ್ ಇಲ್ಲದೆ ಚಹಾ ತಂದಳು. ಕಿವಿಯಲ್ಲಿ ಓಲೆಯೂ ಇರಲಿಲ್ಲ. ಅದನ್ನು ನನ್ನ ಕಣ್ಣು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಏನಣ್ಣ, ಸೊಸೆಗೆ ಖಾಮ್ ನೆನಪಾಯ್ತೋ? ಬಟ್ಟೆ ಅಂಗಡಿಯವನ ಮನೇಲೇ ಬಟ್ಟೆಗೆ ಬರವೋ?" ಎಂದ ಚುಂಗ್ದಾಕ್. ನಾನು ಮಾರಾಟದ ರಾಶಿಯಿಂದ ಒಂದು ಪಂಗ್ದೆನ್ ಎಳೆದು ಅವಳತ್ತ ಎಸೆದು, "ಇದು ಲ್ಹಾಸಾ ಕಣಮ್ಮ, ನಿಮ್ಮ ಹುಲ್ಲುಗಾವಲಲ್ಲ" ಎಂದು ಎಲ್ಲರೆದುರೇ ಕಟ್ಟಿಸಿದೆ. ನಕ್ಕರು. ಅವಳು ಒಂದು ಹನಿ ಚೆಲ್ಲದೆ ಚಹಾ ಬಗ್ಗಿಸಿದಳು.

ಸಂಜೆ ನಿನ್ನಮ್ಮ ನನ್ನನ್ನು ಒಲೆಯ ಬಳಿಗೆ ಎಳೆದಳು. "ನಿಮ್ಮ ಕಣ್ಣಿಗಿಷ್ಟು ಬೂದಿ ಬೀಳ! ಅವಳಪ್ಪ ತೀರಿಹೋಗಿದಾರೆ. ನಿನ್ನೆ ದೆರ್ಗೆ ಯಾತ್ರಿಕ ಹೇಳಿ ಹೋದನಂತೆ. ಹಬ್ಬದಲ್ಲಿ ಸಾವಿನ ಮಾತು ಬೇಡ ಅಂತ ಬಾಯಿ ಮುಚ್ಕೊಂಡು, ನಮ್ಮ ಲ್ಹಾಸಾ ಪದ್ಧತಿಯಂತೆ ಓಲೆ, ಪಂಗ್ದೆನ್ ಬಿಚ್ಚಿ ಸೂತಕ ಹಿಡಿದಿದ್ಲು!"

ಅವಳು ಪೂರ್ತಿ ನಮ್ಮವಳಾದ ದಿನವೇ ನಾನು ಅವಳನ್ನು ಹೊರಗಿನವಳೆಂದು ಅಳೆದೆ. ಹೋಗಿ ಅವಳ ಬಾಗಿಲಲ್ಲಿ ನಿಂತೆ. ಅವಳೇ, "ಬಿಡಿ ಪಾಲಾ, ನಿಮಗೆ ಗೊತ್ತಿರಲಿಲ್ಲ" ಎಂದಳು. ಬೈದಿದ್ದರೆ ಚೆನ್ನಿತ್ತು.

ಮೂರು ರತ್ನಗಳು ನಿನ್ನ ದಾರಿ ಕಾಯಲಿ.

ನಿನ್ನ ಅಪ್ಪ,
ವಾಂಗ್ದು

ತಾ.ಕ.: ಯುದೋನ್ ನಾಳೆ ಚಾಮ್ದೊ ದಾರಿಯಾಗಿ ತವರಿಗೆ ಹೊರಡುತ್ತಾಳೆ. ಹಿಂದಿರುಗುತ್ತೇನೆ ಅಂದಿಲ್ಲ, ಕೇಳುವ ಮುಖ ನನಗಿಲ್ಲ. ಲಾರಿ ಬೇರೆಯವನಿಗೆ ಒಪ್ಪಿಸಿ ದೆರ್ಗೆಗೆ ಹೋಗು. ಅವಳು ಅಲ್ಲೇ ಇರುತ್ತೇನೆ ಎಂದರೆ ನೀನೂ ಅಲ್ಲೇ ಇರು, ನನ್ನ ಮುಖ ನೋಡಿ ಅವಳನ್ನು ಎಳೆದು ತರಬೇಡ. ನಿನ್ನಮ್ಮ ತನ್ನ ಪಂಗ್ದೆನ್ನೂ ಬಿಚ್ಚಿಟ್ಟು ಅವಳ ಜೊತೆಗೆ ಬಸ್ಸು ಹತ್ತುತ್ತಿದ್ದಾಳೆ. ಒಟ್ಟಿನಲ್ಲಿ ಚುಂಗ್ದಾಕ್‌ಗೆ ಊರೆಲ್ಲ ಹೇಳಿಕೊಂಡು ನಗಲು ಒಂದು ಕಥೆ ಸಿಕ್ಕಿತು. ಯುದೋನ್‌ಗೆ ಅಪ್ಪನಿಗಾಗಿ ಅಳುವಾಗ ಪಕ್ಕದಲ್ಲೊಬ್ಬಳು. ನಿನ್ನಮ್ಮನಿಗೆ ಮಗಳು. ನನಗೆ ಖಾಲಿ ಮನೆ.